ನಿಲ್ಲಿಸುವುದು ಗೊತ್ತಿರುವ ಇನ್ಸುಲಿನ್ ಮಾಡಿಕೊಡಿ: ಶಿಡ್ಲಘಟ್ಟದಿಂದ ಒಂದು ಬಹಿರಂಗ ಪತ್ರ

ಸ್ಮಾರ್ಟ್ ಇನ್ಸುಲಿನ್ ಮೇಲೆ ಕೆಲಸ ಮಾಡುತ್ತಿರುವ ವಿಜ್ಞಾನಿಗಳಿಗೆ, ಆ ಕೆಲಸಕ್ಕೆ ದುಡ್ಡು ಕೊಡುವ ಇಲಾಖೆಗಳವರಿಗೆ, ಹಾಗೇ ನಮ್ಮ ಆರೋಗ್ಯ ಇಲಾಖೆಯವರಿಗೆ,

ನಮಸ್ಕಾರ.

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಎರಡು ಬೋರು. ಅದರಲ್ಲಿ ಒಂದು ಬತ್ತಿ ನಾಲ್ಕು ವರ್ಷ ಆಯಿತು. ಚಿಕ್ಕಬಳ್ಳಾಪುರದಲ್ಲಿ ಬಿಎಸ್ಸಿ ಮಾಡಿದ್ದೆ, ಕೆಮಿಸ್ಟ್ರಿ ಇತ್ತು. ಇಷ್ಟು ವರ್ಷ ಸೊಪ್ಪು ಕೊಯ್ಯುವುದಕ್ಕೆ ಅದು ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಈಗ ಬಂತು. ನನ್ನ ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಒಂಬತ್ತನೇ ವರ್ಷದಿಂದ ಅವಳಿಗೆ ಟೈಪ್ 1 ಶುಗರ್, ಅಂದರೆ ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ಅವಳ ಮೈ ಮಾಡಿಕೊಳ್ಳುವುದಿಲ್ಲ, ದಿನಾ ಚುಚ್ಚಲೇಬೇಕು.

ಈ ಪತ್ರಕ್ಕೆ ಕಾರಣ ಒಂದು ವಾಟ್ಸಾಪ್ ವಿಡಿಯೊ. ನನ್ನ ಭಾಮೈದ ಕಳಿಸಿದ್ದು. "ಸ್ಮಾರ್ಟ್ ಇನ್ಸುಲಿನ್ ಬಂದೇ ಬಿಡ್ತು, ಇನ್ಮೇಲೆ ಸೂಜಿ ಬೇಡ, ತೋಳಿಗೆ ಒಂದು ಪ್ಯಾಚ್ ಅಂಟಿಸಿದರೆ ಸಾಕು, ಎಷ್ಟು ಬೇಕೋ ಅಷ್ಟು ಅದೇ ಬಿಡುತ್ತೆ" ಅಂತ ಒಬ್ಬ ಹೇಳುತ್ತಾನೆ, ಹಿಂದೆ ಮ್ಯೂಸಿಕ್ಕು ಬೇರೆ. ಮಗಳು ಅದನ್ನು ಮೂರು ಸಲ ನೋಡಿದಳು. ಆಮೇಲೆ ಬಂದು, "ಅಪ್ಪಾ, ನಮ್ಮೂರ ಮೆಡಿಕಲ್ ಸ್ಟೋರ್‌ಗೆ ಯಾವಾಗ ಬರುತ್ತೆ?" ಅಂದಳು. ನಾನು "ತಡಿ, ಕೇಳೋಣ" ಅಂದೆ. ಯಾರನ್ನ ಕೇಳುವುದು? ಅದಕ್ಕೇ ಹೋದ ಬೆಳೆಯಿಂದ ಈ ಬೆಳೆವರೆಗೆ, ಎಂಎಸ್ಸಿ ಓದುತ್ತಿರುವ ಅಕ್ಕನ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಮೇಲೆ ನಿಮ್ಮ ಮೇಲೆ ಗೌರವ ಬಂತು, ಸ್ವಲ್ಪ ಸಿಟ್ಟೂ ಬಂತು. ಎರಡನ್ನೂ ಬರೆಯುತ್ತೇನೆ.

ಮೊದಲು ಒಂದು ರಾತ್ರಿಯ ಕಥೆ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ನಾನು ಏನು ಕೇಳುತ್ತಿದ್ದೇನೆ ಅಂತ ನಿಮಗೆ ಅರ್ಥ ಆಗಲ್ಲ.

ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳು. ರೇಷ್ಮೆ ಸಾಕಿದವರಿಗೆ ಗೊತ್ತು, ಹುಳು ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ಮನೆಮಂದಿಯೆಲ್ಲ ಅದೇ ಕೆಲಸ. ಅವತ್ತು ಭಾನುವಾರ, ಮಗಳೂ ತೋಟದಿಂದ ಹುಳು ಮನೆಗೆ ಸೊಪ್ಪಿನ ಹೊರೆ ಹೊತ್ತಳು. ಬೇಡ ಅಂದರೂ ಕೇಳಲಿಲ್ಲ, ತಮ್ಮನ ಜೊತೆ ಪಂದ್ಯ ಕಟ್ಟಿಕೊಂಡು ಓಡಾಡಿದಳು. ರಾತ್ರಿ ಸುಸ್ತಾಗಿ ಮುದ್ದೆ ಅರ್ಧ ತಿಂದು ಎದ್ದಳು. ಊಟದ ಇಂಜೆಕ್ಷನ್ ಮೊದಲೇ ಕೊಟ್ಟಾಗಿತ್ತು, ಪೂರ್ತಿ ಮುದ್ದೆಯ ಲೆಕ್ಕಕ್ಕೆ. ಮಲಗುವಾಗ ಕೊಡುವ ಇಂಜೆಕ್ಷನ್ನೂ ಆಯಿತು. ಹನ್ನೊಂದಕ್ಕೆ ಹುಳಕ್ಕೆ ಸೊಪ್ಪು ಹಾಕಿ ಮಲಗಿದೆ. ಎರಡೂವರೆಗೆ ಯಾಕೋ ಎಚ್ಚರ ಆಯಿತು. ಹುಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ, ಕೇಳಿಸುತ್ತಾ ಇತ್ತು. ಸುಮ್ನೆ ಮಗಳ ಹಣೆ ಮುಟ್ಟಿದೆ. ಒದ್ದೆ. ದಿಂಬು ಒದ್ದೆ. ಫ್ಯಾನು ತಿರುಗುತ್ತಿದೆ, ಆದರೂ ಬೆವರು. ಎಬ್ಬಿಸಿದರೆ ಕಣ್ಣು ಬಿಟ್ಟಳು, ನನ್ನನ್ನು ನೋಡಿ ಏನೋ ಸಂಬಂಧ ಇಲ್ಲದ ಮಾತಾಡಿದಳು. ಸ್ಟ್ರಿಪ್ ಡಬ್ಬಿಯಲ್ಲಿ ಮೂರೇ ಇದ್ದವು. ಮೊದಲನೆಯದು ನನ್ನ ಕೈ ನಡುಗಿ ಹಾಳಾಯಿತು. ಎರಡನೆಯದರಲ್ಲಿ 47.

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಾರದು. 54ಕ್ಕಿಂತ ಕೆಳಗೆ ಅಂದರೆ ಅಪಾಯ. 47.

ಸಕ್ಕರೆ ನೀರು ಕುಡಿಸಿದೆವು. ಕಾಲು ಗಂಟೆ ಕಾದು ಕೊನೆಯ ಸ್ಟ್ರಿಪ್ ಹಾಕಿದರೆ 61. ಮತ್ತೆ ಸಕ್ಕರೆ ನೀರು. ಆಮೇಲೆ ನೋಡಲು ಸ್ಟ್ರಿಪ್ ಇಲ್ಲ. ನಮ್ಮನೆಯವಳು ಬೆಳಗಾಗುವ ತನಕ ಮಗಳ ಕೈ ಹಿಡಿದುಕೊಂಡು, ಅಂಗೈ ಬೆವರುತ್ತಾ ಇಲ್ಲವಾ ಅಂತ ನೋಡುತ್ತಾ ಕೂತಳು. ಅವತ್ತು ನಮ್ಮ ಮನೆಯ ಗ್ಲೂಕೋಸ್ ಸೆನ್ಸರ್ ಅವಳೇ.

ಆ ರಾತ್ರಿ ನನ್ನ ತಲೆ ಕೊರೆದಿದ್ದು ಒಂದೇ ವಿಷಯ. ಇನ್ಸುಲಿನ್ ಒಳಗೆ ಹೋಗಿದೆ. ಮಗು ಊಟ ಬಿಟ್ಟಿದೆ, ಓಡಾಡಿದೆ, ಅದ್ಯಾವುದೂ ಇನ್ಸುಲಿನ್‌ಗೆ ಗೊತ್ತಿಲ್ಲ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇದೆ. ಚುಚ್ಚುವುದು ನಮ್ಮ ಕೈಯಲ್ಲಿದೆ, ವಾಪಸ್ ಎಳೆದುಕೊಳ್ಳುವುದು ಯಾರ ಕೈಯಲ್ಲೂ ಇಲ್ಲ.

ಈಗ ನೀವು ಮಾಡುತ್ತಿರುವ ಕೆಲಸಕ್ಕೆ ಬರುತ್ತೇನೆ. ನಾನು ಅರ್ಥ ಮಾಡಿಕೊಂಡಿದ್ದನ್ನು, ಈ ಪತ್ರ ಓದುವ ಬೇರೆ ಅಪ್ಪ ಅಮ್ಮಂದಿರಿಗೂ ತಿಳಿಯಲಿ ಅಂತ, ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಗ್ಲೂಕೋಸ್ ಏರಿದರೆ ತಾನಾಗೇ ಇನ್ಸುಲಿನ್ ಬಿಡಬೇಕು, ಇಳಿದರೆ ತಾನಾಗೇ ನಿಲ್ಲಿಸಬೇಕು, ಮಧ್ಯ ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ, ಆ ವಸ್ತುವಿಗೇ ಅಷ್ಟು ಬುದ್ಧಿ ಇರಬೇಕು. ಇದು ಆಸೆ. ಈ ಆಸೆ ಹೊಸದೇನಲ್ಲ. 1979ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬ್ರೌನ್‌ಲೀ, ಆಂಥನಿ ಸೆರಾಮಿ ಅನ್ನುವ ಇಬ್ಬರು ಇದನ್ನು ಮಾಡಿ ತೋರಿಸಿದ್ದರು. ಜ್ಯಾಕ್ ಬೀನ್ ಅಂತ ಒಂದು ಕಾಳಿದೆ, ನಮ್ಮ ಅವರೆಯ ದೂರದ ನೆಂಟ ಅಂದುಕೊಳ್ಳಿ. ಅದರಲ್ಲಿ ಸಕ್ಕರೆಯನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದೆ, ಹೆಸರು ಕಾನ್‌ಕನವಲಿನ್ ಎ. ಇವರು ಇನ್ಸುಲಿನ್‌ಗೆ ಒಂದು ಸಕ್ಕರೆಯ ಬಾಲ ಅಂಟಿಸಿ ಆ ಪ್ರೋಟೀನಿಗೆ ಕಚ್ಚಿಸಿಟ್ಟರು. ಹೊರಗಿನಿಂದ ಗ್ಲೂಕೋಸ್ ಜಾಸ್ತಿ ಬಂದರೆ ಅದು ಇನ್ಸುಲಿನ್ನನ್ನು ನೂಕಿ ಆ ಜಾಗದಲ್ಲಿ ತಾನು ಕೂರುತ್ತದೆ, ಇನ್ಸುಲಿನ್ ಹೊರಗೆ ಬರುತ್ತದೆ. ಬಸ್ಸಿನಲ್ಲಿ ಸೀಟಿಗೆ ಕಿತ್ತಾಡಿದ ಹಾಗೆ. ಎಷ್ಟು ಚೆಂದದ ಯೋಚನೆ! ಆದರೆ ಆ ಪ್ರೋಟೀನೇ ದೇಹಕ್ಕೆ ಆಗಿಬರುವುದಿಲ್ಲ, ರೋಗ ನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ. ಇಸವಿ ನೋಡಿ, 1979. ನಾನು ಹುಟ್ಟುವುದಕ್ಕೂ ಮುಂಚೆ. ಹಾಗಾಗಿ "ಬಂದೇ ಬಿಡ್ತು" ಅನ್ನುವವರನ್ನು ನಂಬುವಾಗ ಸ್ವಲ್ಪ ಉಪ್ಪು ಖಾರ ನೋಡಿಕೊಳ್ಳಬೇಕು.

ಎರಡನೇ ದಾರಿ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವದ್ದು. ಇದು ನಮ್ಮ ಮನೆಯಲ್ಲಿ ದಿನಾ ಇದೆ. ರಕ್ತ ಹಾಕುವ ಎಷ್ಟೋ ಸ್ಟ್ರಿಪ್‌ಗಳಲ್ಲಿ ಇರುವುದು ಇದೇ. ಒಂದು ಜಾತಿಯ ಬೂಷ್ಟಿನಿಂದ ತೆಗೆಯುತ್ತಾರೆ. ಗ್ಲೂಕೋಸ್ ಸಿಕ್ಕಿದರೆ ಅದನ್ನು ಗ್ಲುಕೋನಿಕ್ ಆಮ್ಲ ಮಾಡುತ್ತದೆ, ಸುತ್ತಮುತ್ತ ಹುಳಿ ಏರುತ್ತದೆ. ಹುಳಿ ತಗುಲಿದರೆ ಉಬ್ಬುವ ಅಥವಾ ಕರಗುವ ಪಾಲಿಮರ್‌ನಲ್ಲಿ ಇನ್ಸುಲಿನ್ ತುಂಬಿಟ್ಟಿದ್ದರೆ, ಸಕ್ಕರೆ ಏರಿದ ಹೊತ್ತಿಗೆ ಅದು ಬಾಗಿಲು ತೆರೆಯುತ್ತದೆ. ಇದೇ ಕಿಣ್ವ ಕೆಲಸ ಮಾಡುವಾಗ ಆಮ್ಲಜನಕ ಖರ್ಚಾಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ಜೆನ್ ಗು ಅವರ ತಂಡ ಆ ಕೊರತೆಯನ್ನೇ ಸನ್ನೆ ಮಾಡಿಕೊಂಡು, ಆಮ್ಲಜನಕ ಕಡಿಮೆಯಾದರೆ ಒಡೆಯುವ ಸಣ್ಣ ಸಣ್ಣ ಚೀಲಗಳನ್ನು ಮಾಡಿ, ಕೂದಲಿನಂಥ ಸೂಜಿಗಳಿರುವ ಪ್ಯಾಚ್‌ನಲ್ಲಿ ತುಂಬಿ ಇಲಿಗಳಿಗೆ ಅಂಟಿಸಿತು. ವಿಡಿಯೊದಲ್ಲಿ ಕುಣಿದಾಡುವ ಪ್ಯಾಚಿನ ಮೂಲ ಇದೇ. ಈ ದಾರಿಯಲ್ಲಿ ತಾಪತ್ರಯ ಏನಂದರೆ, ಕಿಣ್ವ ಕೆಲಸ ಮಾಡಿದಷ್ಟೂ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆಯುವಾಗ ಬುರುಬುರು ಅನ್ನುತ್ತದಲ್ಲ, ಅದೇ. ಅದು ಕಿಣ್ವವನ್ನೂ ಕೆಡಿಸುತ್ತದೆ, ಸುತ್ತಲಿನ ಮಾಂಸಕ್ಕೂ ಒಳ್ಳೆಯದಲ್ಲ.

ಮೂರನೆಯದು ನನಗೆ ತುಂಬ ಹಿಡಿಸಿತು. ಬೋರಾನ್. ತೋಟಕ್ಕೆ ಬೋರಾಕ್ಸ್ ಹಾಕುತ್ತೇವಲ್ಲ, ಅದರಲ್ಲಿರುವ ಅದೇ ಮೂಲವಸ್ತು. ಫಿನೈಲ್ ಬೋರಾನಿಕ್ ಆಮ್ಲ ಅಂತ ಒಂದಿದೆ, ಅದಕ್ಕೆ ಸಕ್ಕರೆ ಕಂಡರೆ ಅಂಟಿಕೊಳ್ಳುವ ಚಟ, ಮತ್ತೆ ಬಿಡುವ ಗುಣವೂ ಇದೆ. ಪಾಲಿಮರ್ ಬಲೆಯಲ್ಲಿ ಅದನ್ನು ಹೆಣೆದರೆ, ಗ್ಲೂಕೋಸ್ ಬಂದು ಅಂಟಿದಾಗ ಬಲೆಯ ಮೇಲೆ ಋಣ ವಿದ್ಯುತ್ ಜಾಸ್ತಿಯಾಗುತ್ತದೆ, ಬಲೆ ಉಬ್ಬುತ್ತದೆ, ಒಳಗಿದ್ದ ಇನ್ಸುಲಿನ್ ಜಾರಿ ಹೊರಗೆ ಬರುತ್ತದೆ. ಗ್ಲೂಕೋಸ್ ಇಳಿದರೆ ಬಲೆ ಮತ್ತೆ ಬಿಗಿ. ಕಿಣ್ವ ಬೇಡ, ಬೂಷ್ಟು ಬೇಡ. 2020ರಲ್ಲಿ ಅದೇ ಜೆನ್ ಗು ತಂಡ ನಾಣ್ಯದಗಲದ ಪ್ಯಾಚ್ ಮಾಡಿ, ಸುಮಾರು 25 ಕಿಲೋ ತೂಗುವ ಹಂದಿಗಳಲ್ಲಿ ಹತ್ತಿರ ಹತ್ತಿರ 20 ಗಂಟೆ ಸಕ್ಕರೆಯನ್ನು ಹದದಲ್ಲಿಟ್ಟಿತು. ನನ್ನ ಮಗಳು ಈಗ 31 ಕಿಲೋ. ಓದುತ್ತಾ ಅಲ್ಲಿ ಸ್ವಲ್ಪ ಹೊತ್ತು ನಿಂತೆ.

ಆದರೆ ಇಲ್ಲೇ ನನ್ನ ಮೊದಲನೇ ಪ್ರಶ್ನೆ. ಬೋರಾನ್ ಗ್ಲೂಕೋಸ್‌ಗೆ ಮಾತ್ರ ಅಂಟುವುದಿಲ್ಲ. ಹಣ್ಣಿನ ಸಕ್ಕರೆ ಫ್ರಕ್ಟೋಸ್‌ಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ರಕ್ತದಲ್ಲಿ ಫ್ರಕ್ಟೋಸ್ ತೀರಾ ಕಡಿಮೆ ಇರುತ್ತದೆ ಅಂತ ನೀವು ಹೇಳುತ್ತೀರಿ, ಒಪ್ಪಿದೆ. ಆದರೆ ನಮ್ಮದು ದ್ರಾಕ್ಷಿ ಸೀಮೆ ಸ್ವಾಮಿ, ಫೆಬ್ರವರಿ ಮಾರ್ಚ್‌ನಲ್ಲಿ ಮಕ್ಕಳು ತೋಟದಲ್ಲೇ ಇರುತ್ತಾರೆ. ಅದಕ್ಕಿಂತ ಮುಖ್ಯ, ಲ್ಯಾಕ್ಟೇಟ್‌ಗೂ ಅದು ಅಂಟುತ್ತದೆ. ಮಗು ಏದುಸಿರು ಬರುವ ಹಾಗೆ ಓಡಿದರೆ ಲ್ಯಾಕ್ಟೇಟ್ ಏರುತ್ತದೆ. ಓಡಿದಾಗಲೇ ಸಕ್ಕರೆ ಇಳಿಯುವುದು. ಅಂದರೆ ನಿಲ್ಲಿಸಬೇಕಾದ ಹೊತ್ತಿನಲ್ಲೇ ನಿಮ್ಮ ಬಲೆ ಮೋಸಹೋಗಿ ಬಾಗಿಲು ತೆರೆದರೆ? ಕಟ್ಟಿಹಾಕಿದ ಹಂದಿ ಸೊಪ್ಪಿನ ಹೊರೆ ಹೊತ್ತು ತಮ್ಮನ ಜೊತೆ ಪಂದ್ಯ ಕಟ್ಟುವುದಿಲ್ಲ. ದಯವಿಟ್ಟು ಓಡಿಸಿ ನೋಡಿ.

ಎರಡನೇ ಪ್ರಶ್ನೆ ಇನ್ನೂ ದೊಡ್ಡದು. ಈ ಬಲೆ, ಚೀಲ, ಪ್ಯಾಚು ಎಲ್ಲವೂ ಬಾಗಿಲು ಕಾಯುವ ಕೆಲಸ ಮಾಡುತ್ತವೆ. ಹೊರಗೆ ಬಿಟ್ಟ ಇನ್ಸುಲಿನ್ ಮೇಲೆ ಅವಕ್ಕೆ ಹಿಡಿತ ಇಲ್ಲ. ಚರ್ಮದ ಕೆಳಗಿನ ನೀರಿನಲ್ಲಿ ಸಕ್ಕರೆ ಏರಿದ್ದು ಗೊತ್ತಾಗುವುದೇ ರಕ್ತಕ್ಕಿಂತ ಕೆಲವು ನಿಮಿಷ ತಡವಾಗಿ. ಬಿಟ್ಟ ಇನ್ಸುಲಿನ್ ರಕ್ತಕ್ಕೆ ಸೇರುವುದು ಇನ್ನೂ ತಡ. ಅಷ್ಟರಲ್ಲಿ ಸಕ್ಕರೆ ಇಳಿದಿರುತ್ತದೆ, ಬಾಗಿಲು ಮುಚ್ಚಿದರೂ ಆಗಲೇ ಆಚೆ ಹೋದದ್ದು ಹೋಯಿತು. ಮತ್ತೆ ಅದೇ ಎರಡೂವರೆ ಗಂಟೆ ರಾತ್ರಿ.

ಹಾಗಾಗಿ ಇನ್ಸುಲಿನ್ ಕಣವನ್ನೇ ಬದಲಾಯಿಸುವವರ ಕೆಲಸ ನನಗೆ ಹೆಚ್ಚು ಭರವಸೆ ಕೊಟ್ಟಿತು. 2010ರಲ್ಲಿ ಅಮೆರಿಕದ ಔಷಧ ಕಂಪನಿ ಮರ್ಕ್ ಸ್ಮಾರ್ಟ್‌ಸೆಲ್ಸ್ ಅನ್ನುವ ಸಣ್ಣ ಕಂಪನಿಯನ್ನು ಕೊಂಡಿತು, ಎಂಕೆ-2640 ಅಂತ ಒಂದು ಇನ್ಸುಲಿನ್ ಮನುಷ್ಯರ ಮೇಲಿನ ಪ್ರಯೋಗದ ತನಕವೂ ಹೋಯಿತು. ಸಕ್ಕರೆ ಏರಿದಾಗಿನ ಕೆಲಸಕ್ಕೂ ಇಳಿದಾಗಿನ ಕೆಲಸಕ್ಕೂ ಬೇಕಾದಷ್ಟು ವ್ಯತ್ಯಾಸ ಕಾಣಲಿಲ್ಲ, ಅಲ್ಲಿಗೇ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಔಷಧ ಕಂಪನಿ ನೋವೋ ನಾರ್ಡಿಸ್ಕ್‌ನವರು ಎನ್‌ಎನ್‌ಸಿ2215 ಅನ್ನುವ ತಮ್ಮ ಇನ್ಸುಲಿನ್ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಇನ್ಸುಲಿನ್ ಮೇಲೆ ಒಂದು ಕಡೆ ಬಳೆಯಂಥ ಉಂಗುರ, ಇನ್ನೊಂದು ಕಡೆ ಗ್ಲೂಕೋಸ್‌ನ ತಂಗಿಯಂಥ ಒಂದು ತುಣುಕು. ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದಾಗ ಆ ತುಣುಕು ಹೋಗಿ ಬಳೆಯೊಳಗೆ ಕೂರುತ್ತದೆ, ಇನ್ಸುಲಿನ್ ಮಡಚಿಕೊಂಡು ಮಂಕಾಗುತ್ತದೆ. ಸಕ್ಕರೆ ಏರಿದರೆ ನಿಜವಾದ ಗ್ಲೂಕೋಸ್ ಬಳೆಯನ್ನು ಹಿಡಿದುಕೊಳ್ಳುತ್ತದೆ, ಇನ್ಸುಲಿನ್ ಬಿಚ್ಚಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಚುಚ್ಚಿ ಆದಮೇಲೂ, ರಕ್ತದಲ್ಲಿ ಓಡಾಡುವಾಗಲೂ, ಅದು ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ! ಆ ರಾತ್ರಿ ನನಗೆ ಬೇಕಾಗಿದ್ದು ಇದೇ.

ಇಲ್ಲೂ ಲೆಕ್ಕ ನೋಡಬೇಕು. ಗ್ಲೂಕೋಸ್ 3ರಿಂದ 20 ಮಿಲಿಮೋಲ್‌ಗೆ ಏರಿದಾಗ, ನಮ್ಮ ಮೀಟರಿನ ಲೆಕ್ಕದಲ್ಲಿ 54ರಿಂದ 360ಕ್ಕೆ ಏರಿದಾಗ, ಇನ್ಸುಲಿನ್ ಜೀವಕೋಶದ ಮೇಲಿರುವ ತನ್ನ ಕೊಂಡಿಯನ್ನು (ರಿಸೆಪ್ಟರ್) ಹಿಡಿಯುವ ಶಕ್ತಿ 3.2 ಪಟ್ಟು ಜಾಸ್ತಿ ಆಯಿತು. ತಿರುಗಿಸಿ ಹೇಳಿದರೆ, 54ರಲ್ಲೂ ಅದು ಪೂರ್ತಿ ಆಫ್ ಆಗಿಲ್ಲ. ಮೂರನೇ ಒಂದು ಭಾಗದಷ್ಟು ಬಲ ಇನ್ನೂ ಇದೆ. ಇಲಿ, ಹಂದಿಗಳಲ್ಲಿ ಸಕ್ಕರೆ ಬೀಳುವುದನ್ನು ಅದು ತಡೆದಿದೆ, ಅದು ಸಣ್ಣ ಮಾತಲ್ಲ. ನಾನು ಕೇಳುವುದು ಇಷ್ಟೇ. ನಿಮ್ಮ ಪ್ರಬಂಧಗಳಲ್ಲಿ ಮೊದಲನೇ ಚಿತ್ರ ಯಾವಾಗಲೂ 400ರಿಂದ 120ಕ್ಕೆ ಇಳಿದ ಗೆರೆ. ಅದನ್ನು ಹಿಂದಕ್ಕೆ ಹಾಕಿ. ಊಟ ತಪ್ಪಿಸಿದಾಗ ಏನಾಯಿತು, ಓಡಿದಾಗ ಏನಾಯಿತು, ಜ್ವರ ವಾಂತಿ ಬಂದಾಗ ಏನಾಯಿತು, ರಾತ್ರಿ ಎಷ್ಟು ಕೆಳಗೆ ಹೋಯಿತು, ಅದನ್ನು ಮೊದಲು ತೋರಿಸಿ. ಸಕ್ಕರೆ ಇಳಿಸುವ ಇನ್ಸುಲಿನ್ 1922ರಿಂದಲೂ ಇದೆ, ಟೊರಾಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್ ಅನ್ನುವ ಹುಡುಗನಿಗೆ ಜನವರಿ 11ರಂದು ಕೊಟ್ಟ ಮೊದಲ ಇಂಜೆಕ್ಷನ್ನಿನಿಂದ. ಇಳಿಸುವುದು ನಮಗೂ ಬರುತ್ತದೆ. ನಿಲ್ಲಿಸುವುದು ಬರುವುದಿಲ್ಲ.

ಸಿಟ್ಟಿನ ಮಾತಿಗೆ ಬರುತ್ತೇನೆ.

ಅಕ್ಕನ ಮಗ ಒಂದು ದಿನ ಫೋನ್ ಹಿಡಿದುಕೊಂಡು ಓಡಿಬಂದ. "ಮಾಮಾ, ರೇಷ್ಮೆಯಿಂದ ಇನ್ಸುಲಿನ್ ಜೆಲ್ ಮಾಡಿದ್ದಾರೆ, ಅದೂ ನಮ್ಮ ಜಕ್ಕೂರಲ್ಲಿ!" ನಿಜ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ರೇಷ್ಮೆಯ ಫೈಬ್ರೋಯಿನ್‌ನಿಂದ ಸಿರಿಂಜಿನಲ್ಲಿ ಚುಚ್ಚಬಹುದಾದ ಜೆಲ್ ಮಾಡಿ, ಅದರಲ್ಲಿ ಇನ್ಸುಲಿನ್ ಸೇರಿಸಿ, ಶುಗರ್ ಇರುವ ಇಲಿಗಳಲ್ಲಿ ನೋಡಿದ್ದಾರೆ. ಚರ್ಮದ ಕೆಳಗೆ ಕೂತು ನಿಧಾನವಾಗಿ ಇನ್ಸುಲಿನ್ ಬಿಡುತ್ತದೆ. ಗೂಡು ಬೇಯಿಸಿ ಅಂಟು ತೆಗೆದರೆ ಉಳಿಯುವ ನೂಲಿದೆಯಲ್ಲ, ಅದೇ ಫೈಬ್ರೋಯಿನ್. ನಮ್ಮವ್ವನಿಗೆ ಹೇಳಿದೆ. ಅವಳು ಎಲೆ ಅಡಿಕೆ ಜಗಿಯುತ್ತಾ, "ಅಂಗಾದ್ರೆ ಗೂಡಿನ ರೇಟು ಏರ್ತದಾ?" ಅಂದಳು. ಮೂವರೂ ನಕ್ಕೆವು. ಅದು ಸಕ್ಕರೆ ನೋಡಿ ಬಿಡುವ ಜೆಲ್ ಅಲ್ಲ, ನಿಧಾನಕ್ಕೆ ಬಿಡುವ ಜೆಲ್, ಆ ವ್ಯತ್ಯಾಸ ನನಗೆ ಗೊತ್ತು. ಆದರೂ ವಿಜಯಪುರ, ದೇವನಹಳ್ಳಿ ದಾಟಿದರೆ ಸಿಗುವ ಜಾಗದಲ್ಲಿ, ನಮ್ಮ ಹುಳುವಿನ ನೂಲಿನಲ್ಲಿ ಇಂಥ ಕೆಲಸ ನಡೆದಿದೆ, ಆಮೇಲೆ ಅದು ಇಲಿಯಿಂದ ಮುಂದಕ್ಕೆ ಯಾವಾಗ ಹೋಗುತ್ತದೆ, ಯಾರು ದುಡ್ಡು ಕೊಡುತ್ತಾರೆ, ಅದನ್ನು ನಮಗೆ ಕನ್ನಡದಲ್ಲಿ ಹೇಳುವವರು ಯಾರು? ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ), ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇವರೇ, ಈ ಪ್ರಶ್ನೆ ನಿಮಗೆ. 2023ರಲ್ಲಿ ನಿಮ್ಮದೇ ಸಮೀಕ್ಷೆ ಹೇಳಿತು, ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ ಅಂತ. ಬಹಳ ಜನಕ್ಕೆ ಮಾತ್ರೆಯಲ್ಲಿ ನಡೆಯುತ್ತದೆ, ಟೈಪ್ 1 ಮಕ್ಕಳು ಅದರಲ್ಲಿ ಸಣ್ಣ ಪಾಲು. ಆದರೆ ಇನ್ಸುಲಿನ್ ಒಂದು ದಿನ ತಪ್ಪಿದರೂ ಜೀವಕ್ಕೆ ಬರುವುದು ಆ ಸಣ್ಣ ಪಾಲಿಗೇ.

ಇನ್ನೊಂದು ವಿಷಯ, ಬಿಸಿಲು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಹಳ್ಳಿಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅನ್ನುವುದು ಲೈನ್‌ಮ್ಯಾನ್‌ಗೇ ಗೊತ್ತಿರಲ್ಲ. ತಮಾಷೆ ಅಂದರೆ ನಮ್ಮ ಮನೆಯಲ್ಲಿ ಥರ್ಮಾಮೀಟರ್ ತೂಗುಹಾಕಿರುವುದು ಹುಳು ಮನೆಯಲ್ಲಿ ಮಾತ್ರ. 25 ಡಿಗ್ರಿ ಆಸುಪಾಸು ಇರಬೇಕು ಅಂತ ಒದ್ದೆ ಗೋಣಿ ಚೀಲ ಕಟ್ಟಿ, ಕಿಟಕಿಗೆ ನೀರು ಚಿಮುಕಿಸಿ, ಹುಳವನ್ನು ರಾಜಕುಮಾರರ ಹಾಗೆ ನೋಡಿಕೊಳ್ಳುತ್ತೇವೆ. ಇನ್ಸುಲಿನ್‌ಗೆ ಒಂದು ದೊಡ್ಡ ಮಡಕೆ, ಅದರೊಳಗೆ ಸಣ್ಣ ಮಡಕೆ, ಮಧ್ಯ ಒದ್ದೆ ಮರಳು. ಬಳಸುತ್ತಿರುವ ಬಾಟಲಿಗೆ ಅದು ನಡೆಯುತ್ತದೆ. ಈಗ ನೀವು ಕಿಣ್ವ, ಪಾಲಿಮರ್, ಬಳೆ ಎಲ್ಲ ಸೇರಿಸಿ ಮಾಡುವ ವಸ್ತುವಿಗೆ ಬಿಸಿಲು ತಗುಲಿದರೆ ಏನಾಗುತ್ತದೆ? ಪ್ಯಾಚ್ ಅಂಟಿಸಿಕೊಂಡ ಮಗು ಏಪ್ರಿಲ್ ಮಧ್ಯಾಹ್ನ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರೆ? ಬೆವರಿನಲ್ಲಿ ಅಂಟು ಬಿಟ್ಟರೆ? ಬಲೆ ಬಿಸಿಗೆ ಹಿಗ್ಗಿ ಇದ್ದದ್ದನ್ನೆಲ್ಲ ಒಂದೇ ಸಲ ಬಿಟ್ಟರೆ? ಒಂದು ಪ್ಯಾಚ್‌ನಲ್ಲಿ ಒಂದು ದಿನದ ಇನ್ಸುಲಿನ್ ಇರುತ್ತದಲ್ಲ, ಅಷ್ಟೂ ಒಟ್ಟಿಗೆ ಸುರಿದರೆ ಆಮೇಲೆ ಸಕ್ಕರೆ ನೀರಿಗೆ ಬಗ್ಗುವುದಿಲ್ಲ. ಇದನ್ನು ಏಸಿ ಲ್ಯಾಬಿನಲ್ಲಿ ಕೂತು ನೋಡಿದರೆ ಸಾಲದು. ನಮ್ಮ ಊರಿನ ಶೀಟು ಮನೆಯಲ್ಲಿ ಒಂದು ವಾರ ಇಟ್ಟು ನೋಡಿ. ಜಾಗ ನಾನು ಕೊಡುತ್ತೇನೆ, ಬಾಡಿಗೆ ಬೇಡ.

ಬೆಲೆ ವಿಷಯದಲ್ಲಿ ಜಾಸ್ತಿ ಮಾತಾಡಲ್ಲ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಮಾರಿದರು. ಇವತ್ತು ಸೆನ್ಸರ್ ನೋಡಿಕೊಂಡು ಇನ್ಸುಲಿನ್ ಹೆಚ್ಚು ಕಡಿಮೆ ಮಾಡುವ ಪಂಪು ಲಕ್ಷದ ಲೆಕ್ಕ. ಸ್ಮಾರ್ಟ್ ಇನ್ಸುಲಿನ್ನೂ ಹಾಗೇ ಆದರೆ, ನನ್ನ ಮಗಳಿಗೆ ಅದು ಇನ್ನೊಂದು ವಾಟ್ಸಾಪ್ ವಿಡಿಯೊ, ಅಷ್ಟೇ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಶೋಧನೆಗೆ ದುಡ್ಡು ಕೊಡುವ ದಿನವೇ ಬೆಲೆಯ ಮಾತನ್ನೂ ಬರೆಸಿಕೊಳ್ಳಿ.

ಆರೋಗ್ಯ ಇಲಾಖೆಯವರೇ, ವಿಜ್ಞಾನಿಗಳಿಗೆ ಬರೆದ ಪತ್ರ ಅಂತ ಇಲ್ಲಿಯವರೆಗೆ ಸುಮ್ಮನೆ ಓದಿದ್ದೀರಿ. ಈಗ ನಿಮ್ಮ ಸರದಿ.

ಹಳ್ಳಿಗಳಲ್ಲಿ ಶುಗರ್ ತಪಾಸಣೆ ಮಾಡುವುದು 30 ವರ್ಷ ದಾಟಿದವರಿಗೆ. ಒಳ್ಳೆಯದೇ, ನಮ್ಮವ್ವನಿಗೂ ಮಾಡಿದರು. ಆದರೆ ಒಂಬತ್ತು ವರ್ಷದ ಮಗು ಯಾವ ಪಟ್ಟಿಗೂ ಬರಲ್ಲ. ನನ್ನ ಮಗಳು ಮೂರು ವಾರ ಬಿಂದಿಗೆಗಟ್ಟಲೆ ನೀರು ಕುಡಿದಳು, ಹಾಸಿಗೆ ಒದ್ದೆ ಮಾಡಿದಳು, ಸೊರಗಿ ಕಡ್ಡಿಯಾದಳು. ಒಂದು ನರ್ಸಿಂಗ್ ಹೋಮ್‌ನಲ್ಲಿ ಹೊಟ್ಟೆ ಹುಳ ಅಂತ ಟಾನಿಕ್ ಬರೆದುಕೊಟ್ಟರು. ವಾಂತಿ ಶುರುವಾದಾಗ ಗ್ಯಾಸ್ಟ್ರಿಕ್ ಅಂದರು. ಕಡೆಗೆ ಕಂಡುಹಿಡಿದಿದ್ದು ನಮ್ಮವ್ವ, ಶಾಲೆಯ ಮುಖ ನೋಡದವಳು. ಮಗು ಉಚ್ಚೆ ಹೊಯ್ದ ಬಚ್ಚಲಿನ ಮೂಲೆಯಲ್ಲಿ ಕಟ್ಟಿರುವೆ ಸಾಲು ಕಟ್ಟಿದ್ದನ್ನು ತೋರಿಸಿ, "ಲೋ, ಮಗೀಗೆ ಸಕ್ರೆ ಕಾಯಿಲೆ ಕಣೋ, ನಿಮ್ಮಪ್ಪನಿಗೂ ಇಂಗೇ ಇರುವೆ ಮುತ್ತೋವು" ಅಂದಳು. ಅವತ್ತೇ ಸಂಜೆ ಬೆಂಗಳೂರಿಗೆ ಓಡಿದೆವು. ಐದು ದಿನ ಐಸಿಯು. ಒಂದು ಬೆರಳು ಚುಚ್ಚಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು, ಅಲ್ವಾ? ಮಗುವಿಗೆ ವಾಂತಿ, ಏದುಸಿರು, ಜಾಸ್ತಿ ದಾಹ ಅಂತ ಬಂದರೆ ಮೊದಲು ಶುಗರ್ ನೋಡಿ ಅಂತ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಎಲ್ಲ ಖಾಸಗಿ ಕ್ಲಿನಿಕ್ಕಿಗೂ ಒಂದು ಹಾಳೆ ಕಳಿಸುವುದಕ್ಕೆ ಎಷ್ಟು ಖರ್ಚು?

ಆಮೇಲೆ ಸ್ಟ್ರಿಪ್. ನಾಲ್ಕು ಇಂಜೆಕ್ಷನ್ ತಗೊಳ್ಳುವ ಮಗುವಿಗೆ ದಿನಕ್ಕೆ ಕನಿಷ್ಠ ನಾಲ್ಕು ಸಲ ನೋಡಬೇಕು. ನಾನು ಕೊಳ್ಳುವ ಸ್ಟ್ರಿಪ್ ಒಂದಕ್ಕೆ 20 ರೂಪಾಯಿ ಹತ್ತಿರ. ತಿಂಗಳಿಗೆ 2,400. ಗೂಡಿನ ರೇಟು ಬಿದ್ದ ತಿಂಗಳು ನಾವು ದಿನಕ್ಕೆ ಎರಡೇ ಸಲ ನೋಡುತ್ತೇವೆ, ಉಳಿದದ್ದು ಮುಖ ನೋಡಿ ಅಂದಾಜು. ಇನ್ಸುಲಿನ್ ಕೊಟ್ಟು ಸ್ಟ್ರಿಪ್ ಕೊಡದೆ ಇರುವುದು ರಾತ್ರಿ ಹೊತ್ತು ಹೆಡ್‌ಲೈಟ್ ಇಲ್ಲದ ಟ್ರ್ಯಾಕ್ಟರ್ ಕೊಟ್ಟ ಹಾಗೆ. ಟೈಪ್ 1 ಇರುವ ಪ್ರತಿ ಮಗುವಿಗೂ ತಿಂಗಳಿಗೆ 120 ಸ್ಟ್ರಿಪ್, ತಾಲ್ಲೂಕು ಆಸ್ಪತ್ರೆಯಲ್ಲಿ, ಲೈನಿನಲ್ಲಿ ನಿಲ್ಲಿಸದೆ. ಸ್ಮಾರ್ಟ್ ಇನ್ಸುಲಿನ್ ಬರುವ ತನಕ ನಮಗೆ ಇರುವ ಸ್ಮಾರ್ಟ್ ವಸ್ತು ಇದೊಂದೇ, ಅದರಲ್ಲಿರುವ ಕಿಣ್ವವೂ ನಿಮ್ಮ ಲ್ಯಾಬಿನದ್ದೇ.

ಶಾಲೆ ಬಗ್ಗೆ ಒಂದು ಮಾತು ಬರೆದು ಮುಗಿಸುತ್ತೇನೆ. ಹೋದ ವರ್ಷ ಪರೀಕ್ಷೆ ಹಾಲಿನಲ್ಲಿ ಮಗಳು ಗ್ಲೂಕೋಸ್ ಬಿಸ್ಕೆಟ್ ಬಾಯಿಗೆ ಹಾಕಿಕೊಂಡಳು ಅಂತ ಒಬ್ಬ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು. ಕೈ ನಡುಗುತ್ತಿದೆ ಅಂತ ಹೇಳಲು ಅವಳಿಗೆ ನಾಚಿಕೆ. ಯಾಕೆಂದರೆ ನಮ್ಮ ನೆಂಟರೇ ಅವಳಿಗೆ ಹೇಳಿಕೊಟ್ಟಿದ್ದಾರೆ, "ಹೆಣ್ಣುಮಗು, ಯಾರಿಗೂ ಹೇಳಬೇಡ, ನಾಳೆ ಮದುವೆ ಗಿದುವೆ" ಅಂತ. 12 ವರ್ಷಕ್ಕೆ! ಆ ನೆಂಟರಿಗೆ ನಾನು ಹೇಳಬೇಕಾದ್ದು ಹೇಳಿದ್ದೇನೆ. ಅದಕ್ಕೆ ಇಲ್ಲಿ ಜಾಗ ಬೇಡ. ಮೇಷ್ಟ್ರುಗಳಿಗೆ ಅರ್ಧ ದಿನದ ತರಬೇತಿ ನೀವು ಕೊಡಿ.

ವಿಜ್ಞಾನಿಗಳೇ, ಒಂದು ಸಲ ಬನ್ನಿ. ಹುಳು ಹಣ್ಣಾಗುವ ದಿನ ಬಂದರೆ ಒಳ್ಳೆಯದು. ಹಗಲೂ ರಾತ್ರಿ ಒಂದೇ ಸಮ ತಿನ್ನುತ್ತಿದ್ದ ಹುಳು ಅವತ್ತು ಸೊಪ್ಪು ಮುಟ್ಟುವುದಿಲ್ಲ. ಎಷ್ಟೇ ಎಳೆ ಸೊಪ್ಪು ಹಾಕಿ, ತಲೆ ಎತ್ತಿ ಆಚೆ ಈಚೆ ಆಡಿಸುತ್ತದೆ, ಮೈ ಜೇನಿನ ಬಣ್ಣಕ್ಕೆ ತಿರುಗಿ ಬೆಳಕು ಹಾಯುತ್ತದೆ. ಸಾಕು ಅಂತ ಅದಕ್ಕೆ ಹೊರಗಿನವರು ಯಾರೂ ಹೇಳುವುದಿಲ್ಲ. ಆಗ ನಾವು ಆರಿಸಿ, ಗೂಡು ಕಟ್ಟಲಿ ಅಂತ ಚಂದ್ರಿಕೆ ತಟ್ಟೆಗೆ ಬಿಡುತ್ತೇವೆ. ನಮ್ಮ ಮಗಳು ಆರಿಸುವುದರಲ್ಲಿ ನನಗಿಂತ ಚುರುಕು. ಅವಳು ನಿಮಗೆ ತೋರಿಸುತ್ತಾಳೆ, ನೀವು ಅವಳಿಗೆ ಆ ಬೋರಾನ್ ಬಲೆ ಹೇಗೆ ಉಬ್ಬುತ್ತದೆ ಅಂತ ತೋರಿಸಿ. ಯಾವಾಗ ಬರುತ್ತೆ ಅಂತ ಅವಳು ಕೇಳೇ ಕೇಳುತ್ತಾಳೆ, ಅದಕ್ಕೆ ಸುಳ್ಳು ಹೇಳಬೇಡಿ.

ಈಗ ರಾತ್ರಿ ಹನ್ನೊಂದೂವರೆ. ಹುಳಕ್ಕೆ ಸೊಪ್ಪು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಮಲಗುವ ಮುಂಚೆ ಮಗಳದ್ದು 118 ಇತ್ತು. ಎರಡೂವರೆಗೆ ಅಲಾರಂ ಇಟ್ಟಿದ್ದೇನೆ. ಡಬ್ಬಿಯಲ್ಲಿ ಒಂಬತ್ತು ಸ್ಟ್ರಿಪ್ ಇವೆ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ